ಹತ್ತು ಕುರಿಗಳ ಸಾಕ್ಷಿ

ನನಗೆ ಸಂಭ್ರಮ ಬಂತೆಂದರೆ ಬುದ್ಧಿ ಕೈಕೊಡುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೊಸದೇನಾದರೂ ಗೊತ್ತಾದರೆ ಸಾಕು, ಇನ್ನೊಬ್ಬರಿಗೆ ಹೇಳುವ ತನಕ ನನಗೆ ಸಮಾಧಾನವಿಲ್ಲ. ಐವತ್ತರ ದಶಕದಲ್ಲಿ ಆದೋನಿಯಲ್ಲಿ ನರ್ಸ್ ತರಬೇತಿಗೆ ಸೇರಿದ್ದಾಗ ಈ ಗುಣವೇ ನನ್ನನ್ನು ಮುಳುಗಿಸುವುದರಲ್ಲಿತ್ತು. ದೇಹರಚನೆಯ ಮೌಖಿಕ ಪರೀಕ್ಷೆಯಲ್ಲಿ ನಪಾಸಾದರೆ ಗಂಟುಮೂಟೆ ಕಟ್ಟಿಕೊಂಡು ನಮ್ಮೂರು ಪೆದ್ದಕಡುಬೂರಿಗೆ ಹೋಗಬೇಕು; ಅಲ್ಲಿ ಅವ್ವ ಆಗಲೇ ವರ ನೋಡಿಟ್ಟಿದ್ದಳು. ಓದೋಣವೆಂದರೆ ಇದ್ದ ಒಂದೇ ಅಸ್ಥಿಪಂಜರವನ್ನು ನಮಗೆ ಪಾಠ ಹೇಳುವ ಸಿಸ್ಟರಮ್ಮ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು, ಬಿಟ್ಟರೆ ಅದು ಎದ್ದು ಊರಿಗೆ ಹೋಗಿಬಿಡುತ್ತದೋ ಎಂಬಂತೆ.

ಪರೀಕ್ಷೆಗೆ ಮುಂಚೆ ನಾಲ್ಕು ದಿನ ರಜೆ ಸಿಕ್ಕಿತು. ಊರಿಗೆ ಹೋದರೆ ಅಪ್ಪ ಆಗ ತಾನೇ ನಮ್ಮ ಕುರಿಗಳ ಉಣ್ಣೆ ಕತ್ತರಿಸಿ ಮುಗಿಸಿದ್ದ. ಕುರಿ ಕೊಳ್ಳುವಾಗ ನಮ್ಮವರು ಪಕ್ಕೆಗೆ ಬೆರಳೊತ್ತಿ ಮೈ ಎಷ್ಟು ತುಂಬಿದೆ ಎಂದು ನೋಡುತ್ತಾರೆ. ಚಿಕ್ಕಂದಿನಿಂದ ನನ್ನ ಬೆರಳಿಗೂ ಅದೇ ಅಭ್ಯಾಸ. ಒಂದನ್ನು ಹಿಡಿದು ಪಕ್ಕೆಲುಬು ಎಣಿಸಿದೆ: ಹದಿಮೂರು! ನನ್ನ ನೋಟ್‌ಬುಕ್ಕಿನಲ್ಲಿ ಹನ್ನೆರಡು ಜೊತೆ ಎಂದಿತ್ತು. ಹತ್ತು ಕುರಿ ಹಿಡಿದೆ, ಎರಡೂ ಪಕ್ಕೆ ಎಣಿಸಿದೆ. ಎಲ್ಲಕ್ಕೂ ಹದಿಮೂರೇ! ಇಂಗ್ಲಿಷ್ ಪುಸ್ತಕದಿಂದ ಅವಸರದಲ್ಲಿ ಇಳಿಸಿಕೊಳ್ಳುವಾಗ ನಾನೇ ತಪ್ಪು ಬರೆದಿರಬೇಕು. ಹತ್ತು ಸಾಕ್ಷಿಗಳಿಗಿಂತ ನನ್ನ ಅಕ್ಷರ ದೊಡ್ಡದೇ? ಹನ್ನೆರಡನ್ನು ಹೊಡೆದುಹಾಕಿದೆ. ಕುರಿಗೂ ನಮಗೂ ವ್ಯತ್ಯಾಸವಿರಬಹುದು ಎಂಬುದು ಆ ಖುಷಿಯಲ್ಲಿ ಹೊಳೆಯಲೇ ಇಲ್ಲ.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಪಕ್ಕೆಲುಬು ಎಷ್ಟು ಜೊತೆ ಎಂದು ಕೇಳಿದ್ದೇ ತಡ, "ಹದಿಮೂರು ಸಾರ್! ಎಣಿಸೇ ಬಂದೀನ್ರಿ!" ಎಂದು ಕೂಗಿದೆ.

"ಯಾರ ಮ್ಯಾಲೆ ಎಣಿಸಿದಮ್ಮಾ?"

"ಹತ್ತು ಮಂದಿ ಮ್ಯಾಲ್ರಿ... ಅಂದ್ರ, ನಮ್ಮ ಕುರಿ ಮ್ಯಾಲ್ರಿ."

ಸಿಸ್ಟರಮ್ಮ ಹಣೆ ಹಿಡಿದುಕೊಂಡರು. ಅವರ ಮುಖ ನೋಡಿದ ಮೇಲೆಯೇ ನನಗೆ ಅರ್ಥವಾದದ್ದು. ಅವ್ವ ನೋಡಿಟ್ಟ ವರ ಕಣ್ಣಮುಂದೆ ಬಂದು ನಿಂತ. ಪರೀಕ್ಷಕರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಹಂಗಾದ್ರ ಗುಂಡಿಗಿ ವಿಷಯ ಹೇಳಮ್ಮಾ, ನೋಡೋಣ" ಎಂದರು. ಗುಂಡಿಗೆಯೇ! ಹಬ್ಬಕ್ಕೆ ಕಡಿದ ಕುರಿಯದನ್ನು ಅವ್ವನ ಪಕ್ಕ ಕೂತು ನಾನು ಎಷ್ಟು ಸಲ ಸೀಳಿ ತೊಳೆದಿಲ್ಲ! ನಾಲ್ಕು ಕೋಣೆ, ನಡುವಿನ ಕವಾಟಗಳು, ರಕ್ತ ಬರುವ ದಾರಿ, ಹೋಗುವ ದಾರಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಪುಣ್ಯಕ್ಕೆ ಆ ವಿಷಯದಲ್ಲಿ ಕುರಿಗೂ ಮನುಷ್ಯನಿಗೂ ತಕರಾರಿರಲಿಲ್ಲ. ಪಾಸಾದೆ!

ಊರಿಗೆ ಓಡಿ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಕಂಬಳಿ ಕೊಡವುತ್ತ, "ಅಲ್ಲವ್ವಾ, ಎಣಿಸಾಕ ಮನ್ಯಾಗ ಮನುಷ್ಯಾರು ಯಾರೂ ಇರ್ಲಿಲ್ಲೇನು?" ಎಂದ.

ನಾನೇ ಇದ್ದೆ. ಆಗ ಎಷ್ಟು ಬಡಕಲಾಗಿದ್ದೆನೆಂದರೆ, ನನ್ನ ಪಕ್ಕೆಲುಬು ಎಣಿಸಲು ಉಣ್ಣೆ ಕತ್ತರಿಸುವ ಕೆಲಸವೂ ಇರಲಿಲ್ಲ.