ಭಾವನ ಪೀಪಾಯಿ

ನನ್ನ ಭಾವ ಹುಟ್ಟುವುದಕ್ಕೆ ಕಡಿಮೆಯೆಂದರೂ ಇನ್ನೂರೈವತ್ತು ವರ್ಷ ತಡ ಮಾಡಿದರು. ಜಾಗವೂ ತಪ್ಪಿತು. ಅಮೆರಿಕ ಇನ್ನೂ ಬ್ರಿಟಿಷರ ವಸಾಹತಾಗಿದ್ದ ಕಾಲಕ್ಕೆ, ಅಲ್ಲಿಯ ಯಾವುದಾದರೊಂದು ಬಂದರಿನಲ್ಲಿ ಹುಟ್ಟಬೇಕಾಗಿದ್ದ ಮನುಷ್ಯ, ವಿಳಾಸ ತಪ್ಪಿ ಉಡುಪಿಯ ಹತ್ತಿರ ಹುಟ್ಟಿ, ಎಂಜಿನಿಯರಾಗಿ, ನನ್ನ ಅಕ್ಕನನ್ನು ಮದುವೆಯಾಗಿ ದುಬೈಗೆ ಬಂದುಬಿಟ್ಟರು!

ಅವರ ಕೆಲಸ ಮರುಭೂಮಿಯೊಳಗಿನ ಮದೀನತ್ ಜಾಯೆದ್ ಕಡೆ. ಎಣ್ಣೆಯ ಪೈಪು ಎಲ್ಲಿ ಸೋರುತ್ತದೆ ಎಂದು ಕಂಡುಹಿಡಿಯುವುದು. ವಾರವಿಡೀ ಮರಳಿನಲ್ಲಿ ಸೋರಿಕೆ ಹುಡುಕಿ, ಶುಕ್ರವಾರದ ರಜೆಗೆ ಗುರುವಾರ ಸಂಜೆ ಜುಮೇರಾ ಲೇಕ್ ಟವರ್ಸ್‌ನ ಫ್ಲ್ಯಾಟಿಗೆ ಬರುತ್ತಿದ್ದರು. ಅಲ್ ಐನ್‌ನಲ್ಲಿ ಟೀಚರಾಗಿದ್ದ ನಾನೂ ವಾರಾಂತ್ಯಕ್ಕೆ ಅಲ್ಲಿಯೇ ಠಿಕಾಣಿ ಹೂಡುತ್ತಿದ್ದೆ. ಹಾಗಾಗಿ ನಡೆದದ್ದಕ್ಕೆಲ್ಲ ನಾನೇ ಸಾಕ್ಷಿ.

ಭಾವನ ಅಮೆರಿಕನ್ ಸಹೋದ್ಯೋಗಿಯೊಬ್ಬರು ನಿವೃತ್ತರಾಗಿ ಹೊರಟಾಗ ಮನೆಯ ಸಾಮಾನೆಲ್ಲ ಮಾರಾಟಕ್ಕಿಟ್ಟರು. ಉಳಿದವರು ಟಿವಿ, ಸೋಫಾ, ವಾಷಿಂಗ್ ಮೆಷಿನ್ ತಂದರು. ನಮ್ಮ ಭಾವ ತಂದದ್ದು ಕುದುರೆ! ಗಾಬರಿಯಾಗಬೇಡಿ, ಮರದ್ದು. ಉದ್ದನೆಯ ಮಣೆ, ಅದರ ಮೇಲೆ ಸವಾರನಂತೆ ಕೂತು ಕಾಲಲ್ಲಿ ಒತ್ತಿದರೆ, ಎದುರಿಗಿನ ಮರದ ತಲೆ ಬಗ್ಗಿ ಹಲಗೆಯನ್ನು ಕಚ್ಚಿ ಹಿಡಿಯುತ್ತದೆ. ಆಮೇಲೆ ಎರಡೂ ತುದಿಗೆ ಹಿಡಿಯಿರುವ ಕತ್ತಿಯಿಂದ ಹಲಗೆಯನ್ನು ಎದೆಯ ಕಡೆಗೆ ಎಳೆದೆಳೆದು ಕೆತ್ತುವುದು. ಆ ಅಮೆರಿಕನ್ನರ ವಂಶದಲ್ಲಿ ಹಿಂದೆ ಪೀಪಾಯಿ ಮಾಡುತ್ತಿದ್ದರಂತೆ. ಅವರು ಹೋಗುವ ಮೊದಲು ಭಾವನಿಗೆ ವಿದ್ಯೆಯ ಮೊದಲ ಪಾಠ ಹೇಳಿಕೊಟ್ಟು ವಿಮಾನ ಹತ್ತಿದರು. ಅನುಭವಿಸಿದ್ದು ನಾವು!

"ಎಂತ ಇದು?" ಎಂದಳು ಅಕ್ಕ, ಹಾಲಿನ ನಡುವೆ ನಿಂತ ಕುದುರೆಯನ್ನು ನೋಡಿ.

"ಇದಾ? ಇದರಲ್ಲಿ ಕೂತೇ ಅಮೆರಿಕ ಕಟ್ಟಿದ್ದು ಮಾರಾಯ್ತಿ. ಆಗ ಪ್ಲಾಸ್ಟಿಕ್ಕು ಉಂಟಾ, ಡಬ್ಬ ಉಂಟಾ? ಹಿಟ್ಟು, ಉಪ್ಪುಮೀನು, ಹೊಗೆಸೊಪ್ಪು, ಮೊಳೆ, ಎಲ್ಲ ಪೀಪಾಯಿಯಲ್ಲೇ. ಪೀಪಾಯಿ ಮಾಡುವವ ಇಲ್ಲದಿದ್ದರೆ ಒಂದು ಹಡಗೂ ಹೊರಡುದಿಲ್ಲ!"

"ನಮ್ಮ ಮನೆಯಿಂದ ಯಾವ ಹಡಗು ಹೊರಡ್ಲಿಕ್ಕುಂಟು?"

ಭಾವ ಆಗಲೇ ಕುದುರೆ ಹತ್ತಿ ಕಾಲಲ್ಲಿ ಒತ್ತಿ ನೋಡುತ್ತಿದ್ದರು. ಅವರ ಮಗಳು ಮಾತ್ರ ಕುದುರೆಯ ಸುತ್ತ ಒಂದು ಸುತ್ತು ಬಂದು, "ಪಪ್ಪಾ, ಇಟ್ಸ್ ಸೋ ಎಂಬ್ಯಾರಸಿಂಗ್" ಎಂದು ಹೇಳಿ ಕೋಣೆಯ ಬಾಗಿಲು ಹಾಕಿಕೊಂಡಳು.

ಅಂದಿನಿಂದ ಶುಕ್ರವಾರವೆಂದರೆ ಮರದ ಸಿಪ್ಪೆ. ದಿಂಬಿನಲ್ಲಿ ಸಿಪ್ಪೆ, ಚಪ್ಪಲಿಯಲ್ಲಿ ಸಿಪ್ಪೆ. ಒಮ್ಮೆ ಸಾಂಬಾರಿನಲ್ಲಿ ಸಿಕ್ಕಿದ್ದನ್ನು ನಾನು ಒಣಮೆಣಸೆಂದು ಅಗಿದದ್ದೂ ಉಂಟು! ಯಾರದಾದರೂ ಮನೆಗೆ ಊಟಕ್ಕೆ ಹೋದರೆ ಭಾವ ಅನ್ನದ ತಟ್ಟೆ ಮುಂದಿಟ್ಟುಕೊಂಡೇ ಶುರುಮಾಡುತ್ತಿದ್ದರು: "ಮೊಳೆ ಇಲ್ಲ, ಅಂಟು ಇಲ್ಲ, ಅಳತೆಪಟ್ಟಿಯೂ ಇಲ್ಲ. ಬರೀ ಕಣ್ಣಂದಾಜು!" ಕೇಳುವವರು ಮೆಲ್ಲನೆ ಕೈತೊಳೆಯಲು ಏಳುತ್ತಿದ್ದರು.

ಕೊನೆಗೊಮ್ಮೆ ಮೊದಲ ಪೀಪಾಯಿ ಎದ್ದು ನಿಂತಿತು. ಅದರ ಹಿಂದೆಯೇ ಬಿಲ್ಡಿಂಗಿನ ಸೆಕ್ಯೂರಿಟಿಯವನೂ ಬಂದು ಬಾಗಿಲಲ್ಲಿ ನಿಂತ. ಮದ್ಯಕ್ಕೆ ಇಷ್ಟೊಂದು ಕಟ್ಟುನಿಟ್ಟಿರುವ ಈ ಊರಿನಲ್ಲಿ ಮನೆಯೊಳಗೆ ಪೀಪಾಯಿ ಇದೆಯೆಂದರೆ ಜನ ಏನೆಂದುಕೊಳ್ಳಬೇಕು? ಯಾರೋ ದೂರು ಕೊಟ್ಟಿದ್ದರು.

"ಸಾಬ್, ಇದರಲ್ಲಿ ಏನು ತಯಾರಿಸ್ತೀರಿ?" ಎಂದು ಹಿಂದಿಯಲ್ಲಿ ಕೇಳಿದ.

ಭಾವನಿಗೆ ಅದರ ಒಳಾರ್ಥ ಹೊಳೆಯಲೇ ಇಲ್ಲ. ಕೊನೆಗೂ ಒಬ್ಬ ಆಸಕ್ತ ಸಿಕ್ಕಿದನಲ್ಲ ಎಂಬ ಸಂತೋಷದಲ್ಲಿ ಅವನನ್ನು ಬಾಲ್ಕನಿಗೆ ಕರೆದೊಯ್ದು ಪೀಪಾಯಿಗೆ ನೀರು ಸುರಿದರು. ಪ್ರವಾಸಿಗರು ಮಾಲಿನ ಎದುರು ಗುಂಪುಗೂಡಿ ನೋಡುವ ಕಾರಂಜಿ ನಮ್ಮ ಬಾಲ್ಕನಿಯಲ್ಲೇ ಚಿಮ್ಮಿತು! ಸೆಕ್ಯೂರಿಟಿಯವನು ಒದ್ದೆಯಾದ ಬೂಟು ನೋಡಿಕೊಂಡು ನಿಟ್ಟುಸಿರಿಟ್ಟ. "ಖಲಾಸ್ ಸಾಬ್. ನೀರೇ ನಿಲ್ಲದ್ದರಲ್ಲಿ ಬೇರೇನು ನಿಂತೀತು?"

ಸೋರಿಕೆ ಹುಡುಕುವ ಎಂಜಿನಿಯರಿಗೆ ಸೋರದ ಪೀಪಾಯಿ ಮಾಡಲು ಬರಲಿಲ್ಲ. ಏಸಿಯ ಗಾಳಿಗೆ ಮರ ಒಣಗಿ ಸಂದು ಬಿಡುತ್ತದೆ, ನೆನೆಸಿಟ್ಟರೆ ಊದಿ ಕೂಡಿಕೊಳ್ಳುತ್ತದೆ ಎಂದು ಅದನ್ನು ಒಯ್ದು ಬಾತ್‌ಟಬ್ಬಿನಲ್ಲಿಟ್ಟರು. "ಮನೆಯಲ್ಲಿ ಮನುಷ್ಯರಿಗೆ ಸ್ನಾನ ಇಲ್ಲ, ಪೀಪಾಯಿಗೆ ದಿನಾ ಅಭ್ಯಂಜನ!" ಎಂದು ಅಕ್ಕ ಲಿಫ್ಟಿನವರೆಗೂ ಕೇಳುವಂತೆ ಬೈದಳು. ಭಾವ ನಗುತ್ತ ಇನ್ನೊಂದು ಹಲಗೆ ತೆಗೆದುಕೊಂಡು ಕುದುರೆ ಹತ್ತಿದರು. ದೊಡ್ಡದು ಬೇಡ, ಒಂದು ಬಕೆಟ್ಟಾದರೂ ಸೋರದ ಹಾಗೆ ಮಾಡುತ್ತೇನೆ ಎಂಬ ಹಟ ಹಿಡಿದಿತ್ತು.

ಒಂದು ಶುಕ್ರವಾರ ಬೆಳಿಗ್ಗೆ ನಾನು ಭಾವನಿಗೆ ಚಹಾ ಕೊಟ್ಟೆ. ಅವರ ಕೈಯಲ್ಲಿ ಕಪ್ಪು-ಸಾಸರು ಕಟಕಟ ಸದ್ದು ಮಾಡಿತು. ಅವರು ತಟ್ಟನೆ ಅದನ್ನು ಕೆಳಗಿಟ್ಟು ಬಲಗೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡರು. ನಾನು ಅಡುಗೆಮನೆಗೆ ಹೋಗಿ, "ಭಾವನ ಕೈಗೆ ಎಂತಾಗಿದೆ?" ಎಂದೆ. ಅಕ್ಕ ಒಲೆ ಆರಿಸಿದಳು.

"ಪಾರ್ಕಿನ್ಸನ್. ಎರಡು ವರ್ಷ ಆಯ್ತು. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿದ್ದಾರೆ. ಸುಮ್ಮನೆ ಕೂತರೆ ಕೈ ನಡುಗ್ತದೆ. ಆ ಕತ್ತಿಯನ್ನು ಎರಡು ಕೈಯಲ್ಲಿ ಹಿಡಿದು ಎಳೆಯುವಾಗ ಮಾತ್ರ ನಡುಗುದಿಲ್ಲ. ಅದಕ್ಕೇ ಆ ಕುದುರೆ ಬಿಟ್ಟು ಇಳಿಯುದಿಲ್ಲ ಅವರು."

"ಮತ್ತೆ ನೀನು ಅಷ್ಟು ಬೈತಿ ಅಲ್ಲ ಅಕ್ಕ?" ಎಂದು ಕೇಳಿದೆ.

"ಬೈಯದೆ? ಬೈಯುದು ನಿಲ್ಲಿಸಿದ ದಿನ ನಾನು ಪಾಪ ಅಂತ ನೋಡ್ತಾ ಇದ್ದೇನೆ ಅಂತ ಅವರಿಗೆ ಗೊತ್ತಾಗ್ತದೆ" ಎಂದು ಸೆರಗಿನಿಂದ ಮುಖ ಒರೆಸಿಕೊಂಡು, ಹೊರಗೆ ಕೇಳುವಂತೆ ಕೂಗಿದಳು: "ಆ ಸಿಪ್ಪೆ ಎಲ್ಲ ಯಾರು ಗುಡಿಸ್ತಾರೆ, ನಿಮ್ಮ ಅಮೆರಿಕದವರಾ?"

ಆ ವರ್ಷದ ಕೊನೆಗೆ ರೋಗ ಬಲಿತಿತ್ತು. ಹಲಗೆಗಳೆಲ್ಲ ಕೆತ್ತಿ ಮುಗಿದಿದ್ದವು. ಬಕೆಟ್ಟಿಗೆ ಕಬ್ಬಿಣದ ಬಳೆ ಏರಿಸಿ, ಸುತ್ತಲೂ ಬಡಿದು ಬಿಗಿ ಮಾಡುವುದೊಂದು ಬಾಕಿ. ಭಾವ ಸುತ್ತಿಗೆ ಎತ್ತಿದರು. ಏಟು ಬಳೆಯ ಮೇಲೆ ಬೀಳದೆ ಮರಕ್ಕೆ ಬಿತ್ತು. ಮತ್ತೆ ಎತ್ತಿದರು; ಮತ್ತೆ ಮರಕ್ಕೆ. ಸುತ್ತಿಗೆಯನ್ನು ನೆಲದ ಮೇಲಿಟ್ಟು ಗೋಡೆಗೊರಗಿ ಕೂತರು. ನಾನು ಕಿಟಕಿಯ ಹೊರಗೆ ನೋಡಿದೆ.

ಅಕ್ಕ ಅಡುಗೆಮನೆಯಿಂದ ಬಂದಳು. ಸೆರಗು ಸಿಕ್ಕಿಸಿ ನೆಲದ ಮೇಲೆ ಕೂತು ಸುತ್ತಿಗೆ ತೆಗೆದುಕೊಂಡಳು. "ಎಲ್ಲಿ ಹೊಡೀಬೇಕು, ತೋರಿಸಿ."

ಭಾವ ಬೆರಳು ಚಾಚಿದರು. ಬೆರಳು ಅತ್ತ ಹೋಯಿತು, ಇತ್ತ ಬಂತು.

"ಇಲ್ಲಿಯಾ? ಇಲ್ಲಿಯಾ? ನಾಲ್ಕು ಕಡೆ ತೋರಿಸಿದರೆ ನಾನು ಎಲ್ಲಿ ಹೊಡೆಯುದು? ಒಂದು ಕಡೆ ತೋರಿಸಿ ಮಾರಾಯ್ರೆ!"

ಆ ಮನೆಯಲ್ಲಿ ಆ ನಡುಕದ ಬಗ್ಗೆ ಯಾರಾದರೂ ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ಭಾವ ಅವಳನ್ನು ನೋಡಿದರು. ಆಮೇಲೆ ನಗತೊಡಗಿದರು, ಹೊಟ್ಟೆ ಹಿಡಿದುಕೊಂಡು. ಅಕ್ಕನೂ ನಕ್ಕಳು. ನಗುತ್ತಲೇ ಅವರ ಮಣಿಕಟ್ಟು ಹಿಡಿದು, ಬೆರಳನ್ನು ಬಳೆಯ ಮೇಲೆ ಊರಿಸಿ, ಅದರ ಪಕ್ಕದಲ್ಲೇ ಒಂದು ಏಟು ಹಾಕಿದಳು. ಹೀಗೆಯೇ ಬೆರಳು, ಏಟು, ಬೆರಳು, ಏಟು ಎಂದು ಬಕೆಟ್ಟಿನ ಸುತ್ತ ಪೂರ್ತಿ ಒಂದು ಸುತ್ತು ಬಂದರು.

ನೀರು ತುಂಬಿಸಿದಾಗ ಎಂದಿನಂತೆ ಸೋರಿತು. ಸಂಜೆಯ ಹೊತ್ತಿಗೆ ಹನಿಯಾಯಿತು. ಆಮೇಲೆ ಅದೂ ನಿಂತಿತು. ಅಕ್ಕ ನೆಲ ಒರೆಸಿ, ಬಕೆಟ್ಟಿನ ತಳ ಮುಟ್ಟಿ ನೋಡಿ, ಊರಿನಲ್ಲಿದ್ದ ತನ್ನ ಅತ್ತೆಗೆ ಫೋನ್ ಮಾಡಿದಳು.

"ಹೌದು ಅತ್ತೆ, ಸೋರುದಿಲ್ಲ. ಇಲ್ಲ ಇಲ್ಲ, ನಿಮ್ಮ ಮಗ ಒಬ್ಬರೇ ಎಲ್ಲಿ ಮಾಡಿದ್ದು? ನಾವಿಬ್ಬರೂ ಸೇರಿ ಮಾಡಿದ್ದು."