ಆಮೆರಾಯರ ಓಟ

ಗಡಿಯಾರ ರಿಪೇರಿಯವರಿಗೆ ಬೀದಿಯವರು ಆಮೆರಾಯರು ಎಂದು ಹೆಸರಿಟ್ಟಿದ್ದರು. ಅವರು ಕುರ್ಚಿಯಿಂದ ಏಳುವಷ್ಟರಲ್ಲಿ ಗಿರಾಕಿ ಹೊಸ ಗಡಿಯಾರವನ್ನೇ ಕೊಂಡಿರುತ್ತಿದ್ದ.

ತೊಂದರೆ ಶುರುವಾದದ್ದು ಸಂಜೆಯ ಇಂಗ್ಲಿಷ್ ತರಗತಿಯಿಂದ. ಅಲ್ಲಿಯ ಟೀಚರಮ್ಮ ಅರ್ಥ ಬರೆಸುವವರಲ್ಲ. ಪದ ಹೇಳಿದರೆ ಮೈಯಲ್ಲಿ ಮಾಡಿ ತೋರಿಸಬೇಕು. ಡ್ಯಾಶ್ ಆಫ್, ಬೋಲ್ಟ್ ಔಟ್, ಝಿಪ್ ಪಾಸ್ಟ್: ಎಲ್ಲವೂ ಬಿದ್ದಂಬೀಳ ಓಡುವ ಮಾತುಗಳೇ. ರಾಯರು ಇದರಲ್ಲಿ ಎರಡು ಸಲ ಫೇಲು. ಈಚೆಗೆ ಸೇರಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಔಷಧಿ ಅಂಗಡಿಯಾಕೆ ಬಲು ಚುರುಕು. ಇವತ್ತು ನಾಲ್ಕರಿಂದ ಐದರವರೆಗೆ ಒಬ್ಬೊಬ್ಬರಿಗೇ ಪರೀಕ್ಷೆ. ಆಕೆ ಪಾಸಾದರೆ ಮಹಡಿಯ ಮೇಲಿನ ತರಗತಿಗೆ ಹೋಗಿಬಿಡುತ್ತಾರೆ. ನೆನೆದರೆ ರಾಯರ ಎದೆಯೊಳಗೆ ಸ್ಪ್ರಿಂಗೊಂದು ಕಳಚಿದಂತಾಗುತ್ತಿತ್ತು.

ನಾಲ್ಕೂವರೆಗೆ ಅವರು ಪುಸ್ತಕ ಮುಚ್ಚಿ, "ಬೋಲ್ಟ್ ಔಟ್!" ಎಂದು ಅಂಗಡಿಯಿಂದ ಹೊರಗೆ ಹಾರಿದರು.

"ಏನಣ್ಣ, ಹಾವಾ?" ಇಸ್ತ್ರಿಯವನು ಗಾಬರಿಯಾದ.

"ಪರೀಕ್ಷೆ ಕಣಪ್ಪಾ!"

"ಝಿಪ್ ಪಾಸ್ಟ್" ಎನ್ನುತ್ತ ಕ್ಷೌರದಂಗಡಿ ದಾಟಿದರು. ಆಮೆರಾಯರೇ ಓಡುತ್ತಿದ್ದಾರೆಂದರೆ ಪ್ರಳಯವೇ ಇರಬೇಕೆಂದು ಕ್ಷೌರಿಕ ಹಿಂದೆ ಓಡಿದ. ಅರ್ಧ ಗಡ್ಡದ ಗಿರಾಕಿ ಅವನ ಹಿಂದೆ.

"ಅಯ್ಯೋ, ಬೆಂಕಿ ಬಿದ್ದಿದೆ ಕಣ್ರೋ!" ಎದುರು ಮನೆಯ ಮಹಡಿಯಿಂದ, ಬೀದಿಯವರೆಲ್ಲ ಅತ್ತೆ ಎನ್ನುವ ಮುದುಕಿ ಒಂದು ಬಕೆಟ್ ನೀರನ್ನು ರಾಯರ ತಲೆಗೇ ಗುರಿಯಿಟ್ಟು ಸುರಿದರು. "ಇನ್ನೊಂದು ಬೇಕೇನೋ, ಮಗಾ?"

ನಿಲ್ಲುವುದಕ್ಕೆ ಪಾಠದಲ್ಲಿ ಪದವೇ ಇರಲಿಲ್ಲ. ಒಂದೇ ಚಪ್ಪಲಿಯಲ್ಲಿ, ಹಿಂದೆ ಅರ್ಧ ಬೀದಿಯನ್ನು ಕಟ್ಟಿಕೊಂಡು, ಒದ್ದೆ ಕೋಳಿಯಂತೆ ತರಗತಿಯೊಳಗೆ ನುಗ್ಗಿದರು.

ಕಿಟಕಿಯಿಂದ ಎಲ್ಲ ನೋಡುತ್ತಿದ್ದ ಟೀಚರಮ್ಮ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಪಾಠ ಪೂರ್ತಿ ಒಂದೇ ಉಸಿರಲ್ಲಿ ಮಾಡಿ ತೋರಿಸಿದ್ರಿ! ಪಾಸು. ನಾಳೆಯಿಂದ ಮೇಲಿನ ತರಗತಿ."

ರಾಯರು ಏದುಸಿರು ಬಿಡುತ್ತ ಪಕ್ಕದ ಕುರ್ಚಿಯ ಔಷಧಿ ಅಂಗಡಿಯಾಕೆಯತ್ತ ನೋಡಿ ನಕ್ಕರು. ಆಕೆ ನಗಲಿಲ್ಲ.

"ಇವರಿಗೇನಾಯ್ತೋ," ಆಕೆಯತ್ತ ಕೈ ತೋರಿ ಎಂದರು ಟೀಚರಮ್ಮ. "ಈಗ ತಾನೆ ಪರೀಕ್ಷೆ ಮುಗೀತು. ಪ್ರತಿ ಪದಕ್ಕೂ ತುಂಬಿದ ಕೊಡ ಹೊತ್ತವರ ಹಾಗೆ ನಡೆದ್ರು. ಫೇಲು."

ಆಕೆ ತನ್ನ ಕರ್ಚೀಫನ್ನು ರಾಯರ ಕಡೆ ಚಾಚಿದರು. "ತಲೆ ಒರೆಸ್ಕೊಳ್ಳಿ. ಈ ಸಲಾನೂ ನೀವು ಕುರ್ಚಿ ಬಿಟ್ಟು ಏಳಲ್ಲ ಅಂತ ನಂಬಿಕೊಂಡಿದ್ದೆ. ನಿಮ್ಮನ್ನ ಓಡಿ ಅಂತ ಯಾರ್ರೀ ಹೇಳಿದ್ದು?"

ಆ ಸಂಜೆ ಇಬ್ಬರೂ ಒಟ್ಟಿಗೆ ಹೊರಟರು. ದಾರಿಯುದ್ದಕ್ಕೂ ಆಮೆರಾಯರೇ ನಿಂತು ನಿಂತು ಕಾಯಬೇಕಾಯಿತು. ಆಕೆ ಅಷ್ಟು ನಿಧಾನವಾಗಿ ನಡೆದರು.