ಒಂದು ವಾರ ಮರವಾಗಿದ್ದೆ

ನನ್ನ ಹೆಂಡತಿಯನ್ನು ಮೊದಲು ಸರಕಿನಂತೆ ವಿವರಿಸಿಬಿಡುತ್ತೇನೆ. ಬೇರೆ ರೀತಿ ವಿವರಿಸಲು ನನಗೆ ಬರುವುದಿಲ್ಲ. ಎತ್ತರ ಐದಡಿಗೆ ಎರಡಂಗುಲ ಕಡಿಮೆ. ನೇಯ್ಗೆ ಬಿಗಿ. ಬಿಸಿಲಿಗೆ ಬಣ್ಣ ಬಿಡುವುದಿಲ್ಲ, ಬೈಗುಳಕ್ಕಂತೂ ಮೊದಲೇ ಇಲ್ಲ. ಎಳೆದರೆ ಹಿಗ್ಗುವುದಿಲ್ಲ, ತೊಳೆದರೆ ಕುಗ್ಗುವುದಿಲ್ಲ, ಮಡಚಿಡಲು ಸಾಧ್ಯವೇ ಇಲ್ಲ. ಇಪ್ಪತ್ತೆರಡು ವರ್ಷದ ಬಳಕೆಯಲ್ಲಿ (ಯಾರು ಯಾರನ್ನು ಬಳಸಿದರು ಎಂಬ ಚರ್ಚೆ ಇಲ್ಲಿ ಬೇಡ) ಒಂದು ಹೊಲಿಗೆಯೂ ಬಿಚ್ಚಿಲ್ಲ. ಇಂಥ ಮಾಲು ಅಂಗಡಿಗೆ ಬಂದಿದ್ದರೆ ನಾನು ಮಾರುತ್ತಿರಲಿಲ್ಲ. ಅದನ್ನು ಮೇಲೆ ಹೊದಿಸಿ ಅಂಗಡಿಯನ್ನೇ ಕಾಪಾಡಿಕೊಳ್ಳುತ್ತಿದ್ದೆ.

ನನ್ನದು ಟಾರ್ಪಾಲಿನ ಅಂಗಡಿ. ಟಾರ್ಪಾಲು, ಕೊಡೆ, ಹಗ್ಗ, ಕಬ್ಬಿಣದ ಕಂಬ. ಒಂದೇ ಮಾತಿನಲ್ಲಿ ಹೇಳುವುದಾದರೆ ನಾನು ನೆರಳಿನ ವ್ಯಾಪಾರಿ. ಗಿರಾಕಿಗೆ ಎಷ್ಟು ಅಡಿ ನೆರಳು ಬೇಕೋ ಅಷ್ಟನ್ನು ಕತ್ತರಿಸಿ, ಅಂಚು ಹೊಲಿದು, ಕಟ್ಟಿಕೊಡುತ್ತೇನೆ. ಅಂಥವನ ಮನೆಯ ಮುಂದೆಯೇ ಒಂದು ಮರ ನಿಂತುಕೊಂಡು, ಹೋಗಿಬರುವವರಿಗೆಲ್ಲ ನೆರಳನ್ನು ಪುಕ್ಕಟೆ ಹಂಚುತ್ತಿದ್ದರೆ ಹೊಟ್ಟೆ ಉರಿಯುವುದಿಲ್ಲವೇ?

ಆದರೂ ತಡೆದುಕೊಂಡಿದ್ದೆ. ಅದು ಉದುರಿಸಿದ ಎಲೆ ಗುಡಿಸಿದ್ದೆ, ಅದರ ಹಕ್ಕಿಗಳು ನನ್ನ ವ್ಯಾನಿನ ಮೇಲೆ ಬರೆದ ಚಿತ್ರಗಳನ್ನು ಒರೆಸಿದ್ದೆ. ತಾಳ್ಮೆ ಕೆಟ್ಟದ್ದು ಆ ಭಾನುವಾರ. ದೊಡ್ಡ ಹೋಟೆಲಿನ ಯಜಮಾನನೊಬ್ಬ ತನ್ನ ಅಂಗಳಕ್ಕೆಲ್ಲ ಚಪ್ಪರ ಹಾಕಿಸಲು ಮನೆಗೇ ಬಂದ. ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂರಿಸಿ ಮಾದರಿಯ ತುಂಡುಗಳನ್ನು ಒಂದೊಂದಾಗಿ ಬಿಚ್ಚಿದೆ. ಮೂರನೆಯ ತುಂಡಿಗೆ ಆಕಳಿಸಿದ. ಐದನೆಯದಕ್ಕೆ ಮೇಲೆ ನೋಡಿದ. ಏಳನೆಯದಕ್ಕೆ ಗೊರಕೆ ಹೊಡೆದ. ಎದ್ದವನು, “ಸ್ವಾಮಿ, ನನಗೆ ಟಾರ್ಪಾಲ್ ಬೇಡ. ಇಂಥವೇ ನಾಲ್ಕು ಮರ ನೆಟ್ಕೋತೀನಿ” ಎಂದ. ನನ್ನಾಕೆ ನಗುನಗುತ್ತಾ ಬೀಜ ಆರಿಸಿ ತಂದಳು. ಕಟ್ಟಿಕೊಟ್ಟದ್ದು ಯಾವುದರಲ್ಲಿ ಎಂದಿರಿ? ನನ್ನ ಏಳನೆಯ ಮಾದರಿಯ ತುಂಡಿನಲ್ಲಿ.

ಅವನ ಬೆನ್ನು ತಿರುಗಿದ್ದೇ ತಡ, ಮರ ಕಡಿಯುವವನಿಗೆ ಫೋನ್ ಮಾಡಿದೆ. ಮುಂದಿನ ಭಾನುವಾರ ಬೆಳಗ್ಗೆ ಹತ್ತಕ್ಕೆ ಬರುತ್ತೇನೆಂದ.

“ಯಾರಿಗೆ ಫೋನು?” ನನ್ನಾಕೆ ಕೇಳಿದಳು.

“ಮರ ಕಡಿಯೋನಿಗೆ.”

“ಅಪ್ಪ ಮಧ್ಯಾಹ್ನ ಎಲ್ಲಿ ಮಲಗಬೇಕು?”

ಇಲ್ಲಿ ಮಾವನವರ ವಿಷಯ ಹೇಳಬೇಕು. ಅವರು ಶಾಲೆಯೊಂದರ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದವರು. ನಿವೃತ್ತಿಯ ನಂತರ ಮೂರನೆಯ ಮಹಡಿಯ ತಗಡಿನ ಸೂರಿನ ಕೆಳಗೆ ಒಬ್ಬರೇ ಇದ್ದರು. ಹೋದ ಬೇಸಿಗೆಯಲ್ಲಿ ಅಲ್ಲಿಯ ಸೆಕೆಗೆ ಉಸಿರು ಸಿಕ್ಕದೆ ಬಿದ್ದುಬಿಟ್ಟರು. ಆಮೇಲೆ ನಾವೇ ಕರೆತಂದೆವು. ಬರುವಾಗ ಒಂದು ಪೆಟ್ಟಿಗೆ, ಒಂದು ಥರ್ಮಾಮೀಟರ್ ತಂದರು. ಇಲ್ಲಿ ದಿನವೂ ಊಟವಾದ ಮೇಲೆ ಮರದ ಕೆಳಗೆ ಆರಾಮಕುರ್ಚಿ ಹಾಕಿಕೊಂಡು ನಿದ್ದೆ ಮಾಡುತ್ತಾರೆ. ಎದ್ದಾಗ ಮುಖ ಹಸುಗೂಸಿನ ಮುಖದಂತಿರುತ್ತದೆ.

“ನೆರಳು ತಾನೇ? ನಾನೇ ಕಟ್ಟಿಕೊಡ್ತೀನಿ. ಮಾವನವರಿಗೆ ಅಂತ ಒಳ್ಳೇ ದಪ್ಪದ ಮಾಲು ತೆಗೆದಿಡ್ತೀನಿ” ಎಂದೆ.

ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಈ ಸನ್ನೆಯ ಅರ್ಥ ನನಗೆ ಗೊತ್ತು. ನೋಡುವವರಿಗೂ ಗೊತ್ತಿರಬೇಕು, ಬೆಂಚಿನ ಕೆಳಗೆ ಮಲಗಿದ್ದ ನಮ್ಮ ನಾಯಿ ಎದ್ದು ಆಚೆ ಹೋಯಿತು.

“ಸರಿ. ನಿಮ್ಮ ಅಂಗಡಿಯ ನಿಯಮ ಏನು? ಯಾರನ್ನಾದ್ರೂ ಕೆಲಸದಿಂದ ತೆಗೀಬೇಕು ಅಂದ್ರೆ ಮೊದಲು ಏನ್ ಮಾಡ್ತೀರಿ?”

ಈ ನಿಯಮದ ಬಗ್ಗೆ ನಾನು ಊರೆಲ್ಲ ಹೇಳಿಕೊಂಡು ತಿರುಗಿದವನು. ನನ್ನಲ್ಲಿ ಯಾರನ್ನೇ ತೆಗೆಯಬೇಕಾದರೂ ಅವರ ಕೆಲಸವನ್ನು ಒಂದು ವಾರ ನಾನೇ ಮಾಡಿ ನೋಡುತ್ತೇನೆ. ನನ್ನಿಂದಾದರೆ ಅವರು ಹೊರಗೆ. ಆಗದಿದ್ದರೆ ಅವರು ಒಳಗೆ, ಮೇಲಾಗಿ ಅವರ ಅನುಕೂಲ ಹೆಚ್ಚಿಸಬೇಕು. ಹಿಂದೊಮ್ಮೆ ಮೂಟೆ ಹೊರುವವನನ್ನು ತೆಗೆಯಲು ಹೊರಟು, ಮೂರನೆಯ ದಿನ ನನ್ನ ಸೊಂಟ ಹಿಡಿದುಕೊಂಡಿತು. ಈಗ ಅವನಿಗೆ ಒಂದು ಸ್ಟೂಲು ಮತ್ತು ಒಂದು ಫ್ಯಾನು ಮಂಜೂರಾಗಿವೆ.

“ಮರ ನನ್ನ ನೌಕರ ಅಲ್ಲ” ಎಂದೆ.

“ಹೌದು, ನಿಮ್ಮ ನೌಕರ ಆಗಿದ್ರೆ ಇಷ್ಟು ಹೊತ್ತಿಗೆ ರಜೆ ಕೇಳಿರೋದು. ಒಂದು ವಾರ ನೀವು ಮರ ಆಗಿ. ಹಿತ್ತಿಲು ನಿಮಗೆ. ಈ ವಾರದಲ್ಲಿ ಒಂದೇ ಒಂದು ಮಧ್ಯಾಹ್ನ ಅಪ್ಪ ನಿಮ್ಮ ನೆರಳಿನಲ್ಲಿ ಅರ್ಧ ಗಂಟೆ ನಿದ್ದೆ ಮಾಡಲಿ. ಮರ ಕಡಿಸಿ, ನಾನು ಕೇಳಲ್ಲ.”

ಅರ್ಧ ಗಂಟೆ. ಏಳು ಮಧ್ಯಾಹ್ನಗಳಲ್ಲಿ ಒಂದೇ ಅರ್ಧ ಗಂಟೆ. ಇಷ್ಟು ಸುಲಭದ ಕರಾರು ನನ್ನ ವ್ಯಾಪಾರದ ಬದುಕಿನಲ್ಲೇ ಸಿಕ್ಕಿರಲಿಲ್ಲ. ಗುಮಾಸ್ತನಿಗೆ ಅಂಗಡಿ ಒಪ್ಪಿಸಿ ಕೆಲಸಕ್ಕೆ ನಿಂತೆ.

ನಮ್ಮ ಹಿತ್ತಿಲು ಸ್ವಚ್ಛವಾದದ್ದು. ಒಂದು ಹುಲ್ಲುಕಡ್ಡಿಯೂ ತಲೆ ಎತ್ತದಂತೆ ನಾನೇ ನಿಂತು ಸಿಮೆಂಟು ಹಾಕಿಸಿದ್ದೇನೆ. ಸೋಮವಾರ ಅಲ್ಲಿ ನಾಲ್ಕು ಕಂಬ ನಿಲ್ಲಿಸಿ, ಅಂಗಡಿಯ ಅತ್ಯುತ್ತಮ ನೀಲಿ ಟಾರ್ಪಾಲನ್ನು ಸುಕ್ಕಿಲ್ಲದಂತೆ ಬಿಗಿದು, ಮಾವನವರನ್ನು ಮೆರವಣಿಗೆಯಲ್ಲಿ ಕರೆತಂದು ಕೂರಿಸಿದೆ. ಆ ಬೆಳಕಿಗೆ ಅವರು ನೀಲಿ ಬಣ್ಣಕ್ಕೆ ತಿರುಗಿದರು. ಥರ್ಮಾಮೀಟರನ್ನು ಕಂಬಕ್ಕೆ ತೂಗುಹಾಕಿ, ಹತ್ತು ನಿಮಿಷ ಬಿಟ್ಟು, ಪ್ರಯೋಗಾಲಯದ ಧ್ವನಿಯಲ್ಲಿ ಓದಿದರು.

“ಮರದ ಕೆಳಗೆ ಮೂವತ್ತೊಂದು. ಅಳಿಯಂದಿರ ಕೆಳಗೆ ಮೂವತ್ತೊಂಬತ್ತು.”

“ನೆರಳು ಇದೆಯಲ್ಲ ಮಾವ?”

“ನೆರಳಿದೆ. ತಂಪಿಲ್ಲ. ಇದು ತಗಡಿನ ತಮ್ಮ.”

ನನ್ನಾಕೆ ಬಟ್ಟೆ ಹರವುತ್ತಾ, “ಮರ ಬರೀ ಬಿಸಿಲು ತಡೆಯಲ್ಲ ರೀ. ಬೇರಿಂದ ನೀರು ಎಳ್ಕೊಂಡು ಎಲೆಯಿಂದ ಆವಿ ಬಿಡುತ್ತೆ. ಅದಕ್ಕೇ ಸುತ್ತ ತಣ್ಣಗಿರುತ್ತೆ. ನೀವೂ ಬಿಡಿ” ಎಂದಳು.

“ಬೆವರುತ್ತಾ ಇದ್ದೀನಲ್ಲ, ಕಾಣಲ್ವಾ?”

“ಅದು ಬೇರೆ ಇಲಾಖೆ.”

ಸೋಲೊಪ್ಪುವ ಜಾತಿಯವನಲ್ಲ ನಾನು. ಮಂಗಳವಾರ ಪೈಪು ಹಿಡಿದು ಟಾರ್ಪಾಲಿನ ಮೇಲೆ ನೀರು ಚಿಮುಕಿಸತೊಡಗಿದೆ. ಪಾದರಸ ಒಂದೊಂದೇ ಗೆರೆ ಇಳಿಯಿತು. ಮೂವತ್ತೇಳು, ಮೂವತ್ತಾರು. ಮಾವನವರ ರೆಪ್ಪೆಗಳು ಭಾರವಾದವು. ಮೂವತ್ತೈದು. ಅಷ್ಟರಲ್ಲಿ ಸ್ನಾನದ ಮನೆಯಿಂದ, ತಲೆತುಂಬ ನೊರೆ ಹೊತ್ತು, ಕಣ್ಣು ಮುಚ್ಚಿಕೊಂಡು ನನ್ನಾಕೆ ಹೊರಬಂದಳು. ಮೇಲಿನ ಟ್ಯಾಂಕು ಬರಿದಾಗಿತ್ತು. ಮರಕ್ಕೆ ಟ್ಯಾಂಕು ಬೇಕಾಗುವುದಿಲ್ಲವೆಂಬ ವಿಷಯವನ್ನು ಅವಳು ಆಗ ವಿವರಿಸಿದ ಭಾಷೆ ಇಲ್ಲಿ ಅಚ್ಚಿಗೆ ಯೋಗ್ಯವಲ್ಲ. ಮಾವನವರ ನಿದ್ದೆ ನೊರೆಯೊಂದಿಗೇ ಹೋಯಿತು.

ಬುಧವಾರ ಅವರು ಹಕ್ಕಿಗಳ ಸದ್ದಿಲ್ಲದೆ ನಿದ್ದೆ ಹತ್ತುವುದಿಲ್ಲವೆಂದರು. ಮನೆ ಮುಂದಿನ ಮರದಲ್ಲಿ ನೂರು ಹಕ್ಕಿಗಳು ಸಂಬಳವಿಲ್ಲದೆ ಹಾಡುತ್ತಿದ್ದವು. ಇಲ್ಲಿ ನಾನೊಬ್ಬನೇ. ಕಂಬದ ಹಿಂದೆ ಅಡಗಿ ನನ್ನ ಶಕ್ತ್ಯನುಸಾರ ಶಿಳ್ಳೆ ಹೊಡೆದೆ.

“ಮಗಳೇ, ಕುಕ್ಕರ್ ಇಳಿಸಮ್ಮ” ಎಂದರು ಮಾವನವರು.

ಗುರುವಾರ ಮಳೆ. ಟಾರ್ಪಾಲು ನೀರು ತುಂಬಿಕೊಂಡು ಗರ್ಭಿಣಿಯಂತೆ ಹೊಟ್ಟೆ ಇಳಿಬಿಟ್ಟಿತು. ಕೋಲಿನಿಂದ ಮೆಲ್ಲಗೆ ತಿವಿದೆ. ಅಷ್ಟೂ ನೀರು ಒಂದೇ ಸಲ ಸಿಮೆಂಟಿನ ಮೇಲೆ ಸುರಿದು, ಇಳಿಯಲು ಜಾಗವಿಲ್ಲದೆ, ನೆಂಟರಂತೆ ನೇರವಾಗಿ ಅಡುಗೆಮನೆಗೆ ನುಗ್ಗಿತು. ಬಟ್ಟೆ ಹಿಂಡುತ್ತಾ ಮುಂಬಾಗಿಲಿಗೆ ಬಂದು ನೋಡಿದರೆ, ಅಲ್ಲಿ ಅದೇ ಮಳೆಯನ್ನು ಮರ ಎಲೆಯಿಂದ ಎಲೆಗೆ, ಕೊಂಬೆಯಿಂದ ಕೊಂಬೆಗೆ ದಾಟಿಸುತ್ತಾ ನಿಧಾನವಾಗಿ ಇಳಿಸುತ್ತಿತ್ತು. ಬುಡದ ಮಣ್ಣು ಅವಸರವಿಲ್ಲದೆ ಕುಡಿಯುತ್ತಿತ್ತು. ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಕೆಲಸ ಗೊತ್ತಿರುವವರ ಕೆಲಸದಂತಿತ್ತು, ಅಷ್ಟೇ.

ಶುಕ್ರವಾರ ಹಿತ್ತಿಲು ಒಣಗುವುದರಲ್ಲೇ ಕಳೆಯಿತು. ಒದ್ದೆ ಚಾಪೆ ಬಿಸಿಲಿಗಿಡುತ್ತಾ ಕೇಳಿದೆ, “ಒಂದು ಮರಕ್ಕೆ ಇಷ್ಟು ಹಟ ಯಾಕೆ ನಿನಗೆ? ಊರಲ್ಲಿ ಬೇರೆ ಮರ ಇಲ್ವಾ?”

ಅವಳು ನಗಲಿಲ್ಲ. “ಅಪ್ಪ ಇದ್ದ ಬೀದೀಲೂ ಹಿಂಗೇ ಅಂದ್ಕೊಂಡ್ರು. ಒಬ್ಬರು ಎಲೆ ಬೀಳುತ್ತೆ ಅಂತ ಕಡಿಸಿದ್ರು, ಇನ್ನೊಬ್ಬರು ಗಾಡಿ ನಿಲ್ಲಿಸೋಕೆ ಅಂತ ಕಡಿಸಿದ್ರು. ಎಲ್ಲರೂ ಬೇರೆ ಮರ ಇದೆಯಲ್ಲ ಅಂದ್ರು. ಕೊನೆಗೆ ಬೀದೀಲಿ ಉಸಿರಾಡೋಕೆ ಗಾಳಿ ಇರಲಿಲ್ಲ. ಎಲ್ಲರೂ ನಿಮ್ಮ ಹಾಗೆ ಲೆಕ್ಕ ಹಾಕ್ತಾ ಹೋದ್ರೆ ಇಡೀ ಭೂಮಿ ನಮ್ಮ ಹಿತ್ತಿಲಾಗುತ್ತೆ ರೀ. ಆಮೇಲೆ ನೆರಳಿಗೆ ಅಂತ ಯಾರ ಮನೆ ಮುಂದುಗಡೆ ಹೋಗೋದು?”

ನಾನು ಚಾಪೆಯನ್ನು ಇನ್ನೂ ಜೋರಾಗಿ ಕೊಡವಿದೆ.

ಶನಿವಾರ ಗಾಳಿ ಎದ್ದಿತು. ಸೆಕೆ ಕಡಿಮೆಯಾಯಿತು, ಮೂವತ್ತಮೂರು. ನನ್ನ ಅದೃಷ್ಟ ಕುದುರಿತೆಂದು ಹಿಗ್ಗುವಷ್ಟರಲ್ಲಿ ಒಂದು ಕಂಬ ಕಿತ್ತುಬಂತು. ಟಾರ್ಪಾಲು ಹಾರಿಹೋಗದಂತೆ ಆ ಮೂಲೆಯನ್ನು ಎರಡೂ ಕೈಯಿಂದ ತಲೆಯ ಮೇಲೆತ್ತಿ ಹಿಡಿದು ನಿಂತೆ. ಮಾವನವರ ಕಣ್ಣು ಮುಚ್ಚಿತು. ಐದು ನಿಮಿಷ. ಹತ್ತು. ನನ್ನಾಕೆ ಅಡುಗೆಮನೆಯ ಬಾಗಿಲಲ್ಲಿ ಗಡಿಯಾರ ಹಿಡಿದು ನಿಂತಿದ್ದಳು. ಅವಳ ಮುಖದ ಬಣ್ಣ ಮೊದಲ ಬಾರಿಗೆ ಇಳಿಯಿತು. ಇಪ್ಪತ್ತು ನಿಮಿಷ. ನನ್ನ ತೋಳುಗಳು ನನ್ನವೆಂಬ ಅರಿವು ಹೋಗಿತ್ತು. ಇಪ್ಪತ್ತೈದು.

ಆಗ ನಾಯಿ ಬಂತು. ನನ್ನ ಸುತ್ತ ಒಂದು ಸುತ್ತು ಬಂತು. ಮೂಸಿತು. ನಾನು ಕಣ್ಣಲ್ಲೇ ಗದರಿಸಿದೆ. ಅದು ಗೌರವದಿಂದ ಹಿಂಗಾಲೆತ್ತಿತು.

ಕೂಗುವಂತಿಲ್ಲ. ಒದೆಯುವಂತಿಲ್ಲ. ಅಲುಗುವಂತಿಲ್ಲ. ಬಿಸಿಯಾದ ಸತ್ಯವೊಂದು ಪಾದದವರೆಗೆ ಇಳಿದರೂ ಕೊಂಬೆ ಬಾಗಿಸಲಿಲ್ಲ. ಆದರೆ ಆರಾಮಕುರ್ಚಿ ಕುಲುಕತೊಡಗಿತು. ಮಾವನವರ ಕಣ್ಣು ಮುಚ್ಚಿಯೇ ಇತ್ತು, ಹೊಟ್ಟೆ ಮಾತ್ರ ಮೇಲೆ ಕೆಳಗೆ ಹಾರುತ್ತಿತ್ತು.

“ಅಪ್ಪ, ನಿದ್ದೆ ಮಾಡ್ತಿಲ್ವಾ?”

“ಎಲ್ಲಿಯ ನಿದ್ದೆ. ಅಳಿಯಂದಿರು ಪಾಪ ಅಷ್ಟು ಕಷ್ಟಪಡ್ತಿದ್ದಾರೆ ಅಂತ ಕಣ್ಣು ಮುಚ್ಚಿದ್ದೆ. ನಾಯಿ ಬಂತು ಅಂತ ಒಂಚೂರು ತೆರೆದೆ, ಕೆಟ್ಟಿತು.”

“ನಾಯಿ ನಿಮ್ಮನ್ನ ಒಪ್ಪಿಕೊಂಡಿದೆ ರೀ. ಇನ್ನು ನಿಮ್ಮಲ್ಲಿ ಎಲೆ ಒಂದು ಬಾಕಿ” ಎಂದಳು ನನ್ನಾಕೆ.

“ವಾರ ಅಂದ್ರೆ ಏಳು ದಿನ. ಇನ್ನೂ ಒಂದು ದಿನ ಇದೆ” ಎಂದೆ. ತೊಟ್ಟಿಕ್ಕುತ್ತಲೇ ಎಂದೆ.

ಭಾನುವಾರ ಬೆಳಗ್ಗೆ, ಮಧ್ಯಾಹ್ನ ಹೇಗೂ ಗೆದ್ದೇ ಗೆಲ್ಲುತ್ತೇನೆಂಬ ಧೈರ್ಯದಲ್ಲಿ, ಮರ ಕಡಿಯುವವನು ಬರುವ ಮೊದಲು ಹಗ್ಗ ಎಲ್ಲಿ ಕಟ್ಟಬೇಕೆಂದು ನೋಡಿಡೋಣವೆಂದು ಮುಂದಿನ ಅಂಗಳಕ್ಕೆ ಹೋದೆ. ಬುಡದ ಸುತ್ತಳತೆ ತೆಗೆಯಲು ಬೆಂಚಿನ ಮೇಲೆ ಕೂತೆ. ವಾರವೆಲ್ಲ ಬಿಸಿಲಲ್ಲಿ ನಿಂತ ಮೈ. ಮೇಲೆ ಎಲೆಗಳು ಏನೋ ಮಾತಾಡಿಕೊಳ್ಳುತ್ತಿದ್ದವು. ನನ್ನ ವಿಷಯವೇ ಇರಬೇಕೆಂದು ಕಿವಿಗೊಟ್ಟೆ.

ಎಚ್ಚರವಾದಾಗ ಹನ್ನೆರಡೂ ಕಾಲು. ತಲೆಯ ಮೇಲಿನ ಕೊಂಬೆಗೆ ಥರ್ಮಾಮೀಟರ್ ತೂಗುತ್ತಿತ್ತು. ಎಡಕ್ಕೆ ಮಾವನವರು ಹಸುಗೂಸಿನಂತೆ ಮಲಗಿದ್ದರು. ಬಲಕ್ಕೆ ಮರ ಕಡಿಯುವವನು ಗರಗಸಕ್ಕೆ ಒರಗಿ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದ.

“ಎದ್ರಾ ಯಜಮಾನ್ರೇ? ಹತ್ತಕ್ಕೇ ಬಂದೆ. ಅಮ್ಮಾವ್ರು, ಅವರು ನಿದ್ದೆ ಮಾಡ್ತಿದ್ದಾರೆ, ಎಬ್ಬಿಸಬೇಡ, ಎದ್ದ ಮೇಲೆ ಅವರೇ ಕಡಿ ಅಂದ್ರೆ ಕಡಿ ಅಂದ್ರು.” ತುತ್ತು ನುಂಗಿ ಮೇಲೆ ನೋಡಿದ. “ದಿನಾ ಮರ ಕಡಿಯೋನು ನಾನು. ಊಟಕ್ಕೆ ಮಾತ್ರ ಕಡಿಯದೇ ಇರೋ ಮರ ಹುಡುಕ್ಕೊಂಡು ಹೋಗ್ತೀನಿ. ದಿನದಿಂದ ದಿನಕ್ಕೆ ದೂರ ನಡೀಬೇಕಾಗಿದೆ.”

ನನ್ನಾಕೆ ಬಾಗಿಲಿಂದ ಬಂದು ನನ್ನ ಕೈಗೆ ಒಂದು ಲೋಟ ಮಜ್ಜಿಗೆ ಕೊಟ್ಟಳು. ಬೈದಿದ್ದರೆ ಜಗಳವಾಡಬಹುದಿತ್ತು. ಬೀದಿಯವರೆಲ್ಲ ಒಬ್ಬೊಬ್ಬರಾಗಿ ಬಂದು, ನೆರಳಿನ ವ್ಯಾಪಾರಿ ಪುಕ್ಕಟೆ ನೆರಳಲ್ಲಿ ಎರಡು ಗಂಟೆ ಗೊರಕೆ ಹೊಡೆದುದನ್ನು ನೋಡಿಕೊಂಡು ಹೋಗಿದ್ದರೆಂದು ಆಮೇಲೆ ತಿಳಿಯಿತು.

ನಿಯಮ ನಿಯಮವೇ. ನೌಕರನ ಅನುಕೂಲ ಹೆಚ್ಚಿಸಬೇಕಾಯಿತು. ಮರಕ್ಕೆ ಸ್ಟೂಲು, ಫ್ಯಾನು ಬೇಡವಾದ್ದರಿಂದ ಇಬ್ಬರು ಸಹಾಯಕರನ್ನು ಕೊಡುವುದೆಂದು ನನ್ನಾಕೆ ತೀರ್ಮಾನಿಸಿದಳು. ಮರ ಕಡಿಯಲು ಬಂದವನು ಹಾರೆ ತೆಗೆದುಕೊಂಡು, ನಾನು ನಿಂತು ಹಾಕಿಸಿದ ಸಿಮೆಂಟನ್ನು ನನ್ನ ಕಣ್ಣೆದುರೇ ಒಡೆದು, ಹಿತ್ತಿಲಲ್ಲಿ ಎರಡು ಸಸಿ ನೆಟ್ಟ. ಎಳೆಯ ಸಸಿಗಳು, ಮಧ್ಯಾಹ್ನದ ಬಿಸಿಲು ತಡೆಯವು. ಬೇರು ಹಿಡಿಯುವವರೆಗೆ ಅವುಗಳಿಗೆ ನೆರಳು ಕಟ್ಟುವ ಕೆಲಸ ಯಾರ ಪಾಲಿಗೆ ಬಂತೆಂದು ಹೇಳಬೇಕಾಗಿಲ್ಲ.

ಆದರೂ ಒಂದು ವಿಷಯ ಸ್ಪಷ್ಟವಾಗಿರಲಿ, ನಾನು ಸೋತಿಲ್ಲ. ಗಾಳಿ ಬಂತು, ಮಳೆ ಬಂತು, ನಾಯಿ ಬಂತು, ಸೋತೆ ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ, ಬರುವುದೂ ಇಲ್ಲ. ಮಾವನವರು ದಿನವೂ ಮಧ್ಯಾಹ್ನ ಮರದ ಕೆಳಗೆ ಮಲಗುತ್ತಾರೆ, ಉಸಿರು ಸರಾಗವಾಗಿದೆ. ಅದಕ್ಕಾಗಿ ಅವಳಿಗೆ ನಾನು “ನೀನು ಹೇಳಿದ್ದೇ ಸರಿ” ಎಂಬ ಒಂದು ಮಾತಿನ ಬಾಕಿ ಕೊಡಬೇಕು. ಇನ್ನೂ ಕೊಟ್ಟಿಲ್ಲ.